ಬೀಗದ ಕೈ ಕೈಯಲ್ಲೇ ಇತ್ತು

ಎರಡನೇ ಸುತ್ತಿನ ಕೊಳೆ ಔಷಧಿ ಬಗ್ಗೆ ಈ ವಾರ ಬರೀತೀನಿ ಅಂತ ಹೇಳಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಕೊಂಡಿದೀನಿ. ಇವತ್ತು ಬರೆಯೋದು ಕಾರಿನ ಕೀ ಬಗ್ಗೆ. ಅಡಿಕೆ ತೋಟದ ವಿಷಯ ಬರೆಯೋ ಜಾಗದಲ್ಲಿ ಕಾರಿನ ಕೀಗೆ ಏನು ಕೆಲಸ ಅಂತ ಕೇಳಬಹುದು. ಪೂರ್ತಿ ಓದಿ, ಆಮೇಲೆ ಹೇಳಿ.

ಪುನರ್ವಸು ಮಳೆಯಲ್ಲಿ ಎರಡು ದಿನ ಹೊಳವಾಗಿತ್ತಲ್ಲ, ಆವಾಗಿನ ಮಾತು. ಆ ಎರಡು ದಿನದಲ್ಲೇ ಬೋರ್ಡೋ ಮುಗಿಸಬೇಕು ಅಂತ ನಾವೆಲ್ಲ ತೋಟದಲ್ಲೇ ಇದ್ವಿ. ಮೈಲುತುತ್ತ, ಸುಣ್ಣದ ಚೀಲ ಕಾರಿನ ಡಿಕ್ಕಿಯಿಂದ ಇಳಿಸಿದವನು ಕೀಯನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹಾಗೇ ಮರೆತೆ. ಡ್ರಮ್ಮಿನಲ್ಲಿ ಔಷಧಿ ಕಲಸಿದ್ದು, ಪೈಪ್ ಎಳೆದದ್ದು ಎಲ್ಲ ಅದೇ ಜೇಬಿನ ಜೊತೆ. ನಾಲ್ಕು ಗಂಟೆಗೆ ಮತ್ತೆ ಮಳೆ ಹಿಡೀತು, ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ನೆನೆದು ತೊಪ್ಪೆ. ಕೀಯನ್ನ ಒರೆಸಿ ಮೊಳೆಗೆ ನೇತು ಹಾಕಿದೆ. ಅಷ್ಟೇ.

ರಾತ್ರಿ ಒಂಬತ್ತೂವರೆಗೆ ಅಮ್ಮನಿಗೆ ಉಸಿರಾಟ ಕಷ್ಟ ಆಯ್ತು. ಅವರಿಗೆ 74 ವರ್ಷ. ದಮ್ಮು ಹಳೇದು, ಮಳೆಗಾಲದಲ್ಲಿ ಜಾಸ್ತಿ. ಸಾಮಾನ್ಯವಾಗಿ ಪಂಪ್ ಎಳೆದರೆ ಹತ್ತು ನಿಮಿಷದಲ್ಲಿ ಸರಿ ಆಗ್ತಿತ್ತು. ಆವತ್ತು ಆಗಲಿಲ್ಲ. ಮಾತಾಡೋಕೆ ಹೋದ್ರೆ ಎರಡು ಶಬ್ದಕ್ಕೇ ನಿಲ್ತಾ ಇದ್ರು. ಕರೆಂಟ್ ಮಧ್ಯಾಹ್ನವೇ ಹೋಗಿತ್ತು, ಅದರ ಹಿಂದೆ ಫೋನಿನ ಸಿಗ್ನಲ್ಲೂ ಹೋಗಿತ್ತು. 108ಕ್ಕೆ ಕರೆ ಮಾಡೋ ದಾರಿ ಇಲ್ಲ. ತಾಲ್ಲೂಕು ಆಸ್ಪತ್ರೆ 23 ಕಿಲೋಮೀಟರ್. ಅಮ್ಮನನ್ನ ಶಾಲು ಹೊದೆಸಿ ಜಗಲಿಗೆ ಕರ್ಕೊಂಡು ಬಂದು, ನಾನು ಅಂಗಳಕ್ಕೆ ಓಡಿ ಕೀ ಒತ್ತಿದೆ.

ಕಾರು ಕಣ್ಣು ಮಿಟುಕಿಸಲಿಲ್ಲ.

ಮತ್ತೆ ಒತ್ತಿದೆ. ಬಾಗಿಲ ಹಿಡಿ ಹತ್ರ ಇರೋ ಸಣ್ಣ ಗುಂಡಿ ಒತ್ತಿದೆ. ಕೀಯನ್ನ ಲುಂಗಿಗೆ ತಿಕ್ಕಿದೆ, ಅಂಗೈಗೆ ಬಡಿದೆ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಾಲ್ಕೂ ಬಾಗಿಲ ಹತ್ರ ಒತ್ತಿದೆ. ಗಾಜು ಒಡೀಲಾ ಅಂತ ಕಲ್ಲು ಕೈಗೆ ತಗೊಂಡೆ. ಒಡೆದು ಒಳಗೆ ಹೋದ್ರೂ ಇದು ಗುಂಡಿ ಒತ್ತಿ ಸ್ಟಾರ್ಟ್ ಮಾಡೋ ಕಾರು, ಕೀಯೇ ಸತ್ತ ಮೇಲೆ ಸ್ಟಾರ್ಟ್ ಆಗೋದು ಹೇಗೆ ಅಂತ ಅನ್ನಿಸಿ ಕಲ್ಲು ಕೆಳಗಿಟ್ಟೆ. ಇನ್ನೊಂದು ಕೀ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡ ಕಾರು, ಕೊಟ್ಟವರು ಒಂದೇ ಕೀ ಕೊಟ್ಟಿದ್ರು. ‘ಇನ್ನೊಂದು ಹುಡುಕಿ ಕಳಿಸ್ತೀನಿ’ ಅಂದಿದ್ದು ಎರಡೂವರೆ ವರ್ಷದ ಹಿಂದೆ.

ಕೊನೆಗೆ ಮಗನನ್ನ ಟಾರ್ಚ್ ಕೊಟ್ಟು ಅರ್ಧ ಕಿಲೋಮೀಟರ್ ಆಚೆ ಪಕ್ಕದ ಮನೆಗೆ ಓಡಿಸಿದೆ. ಅವರ ಹಳೇ ಜೀಪು ಬಂತು. ನಾನು ಮೊದಲ ಸಲ ಕೀ ಒತ್ತಿದ್ದಕ್ಕೂ ಜೀಪು ಅಂಗಳ ಬಿಟ್ಟಿದ್ದಕ್ಕೂ ನಡುವೆ ಹತ್ರ ಹತ್ರ ನಲವತ್ತು ನಿಮಿಷ. ಆ ನಲವತ್ತು ನಿಮಿಷ ಅಮ್ಮ ಜಗಲಿ ಕಂಬ ಹಿಡ್ಕೊಂಡು ಮುಂದಕ್ಕೆ ಬಾಗಿ ಕೂತಿದ್ರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ್ರು, ನೆಬುಲೈಸರ್ ಕೊಟ್ರು. ಮೂರನೇ ದಿನ ಮನೆಗೆ ಬಂದ್ರು, ಈಗ ಹುಷಾರಾಗಿದಾರೆ. ಡಾಕ್ಟರ್ ಬೈಯಲಿಲ್ಲ. ‘ಇನ್ನು ಮೇಲೆ ಇಷ್ಟು ಹೊತ್ತು ಕಾಯ್ಬೇಡಿ’ ಅಂದ್ರು ಅಷ್ಟೆ.

ಮರುದಿನ ಮಧ್ಯಾಹ್ನ ಬಟ್ಟೆ ತಗೊಂಡು ಹೋಗೋಕೆ ಮನೆಗೆ ಬಂದಿದ್ದೆ. ಪಕ್ಕದ ಮನೆಯವರ ಅಕ್ಕನ ಮಗ ಐಟಿಐ ಓದ್ತಾ ಇರೋ ಹುಡುಗ, ‘ಕೀ ಕೊಡಿ ನೋಡೋಣ’ ಅಂದ. ಕೀಯ ಪಕ್ಕದಲ್ಲಿ ಒಂದು ಸಣ್ಣ ಕೊಂಡಿ, ಅದನ್ನ ಸರಿಸಿ ಎಳೆದ. ಒಳಗಿಂದ ಬೆರಳುದ್ದದ ಕಬ್ಬಿಣದ ಕೀ ಬಂತು. ಡ್ರೈವರ್ ಬಾಗಿಲ ಹಿಡಿಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ, ಕೆಳಗಿನ ಸೀಳಿಗೆ ಕೀ ತುದಿ ಕೊಟ್ಟು ಎಬ್ಬಿಸಿದರೆ ಒಳಗೆ ಕೀ ಹಾಕೋ ತೂತು! ತಿರುಗಿಸಿದ, ಬಾಗಿಲು ತೆಗೀತು. ಒಳಗೆ ಕೂತು ಕ್ಲಚ್ ಒತ್ತಿ, ಆ ಸತ್ತ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಒತ್ತಿದ. ಕಾರು ಸ್ಟಾರ್ಟ್ ಆಯ್ತು.

ನಾನು ಜಗಲಿ ಮೇಲೆ ಕೂತೆ. ಹಿಂದಿನ ರಾತ್ರಿ ಬೀಗದ ಕೈ ನನ್ನ ಕೈಯಲ್ಲೇ ಇತ್ತು, ಮುಷ್ಟಿಯೊಳಗೆ.

ನನ್ನ ಅಭಿಪ್ರಾಯ ಇಷ್ಟೆ. ಆವತ್ತು ಕೆಟ್ಟಿದ್ದು ಕೀ ಅಲ್ಲ. ಮೋಟಾರು ಬಿಚ್ಚಿ ಬೇರಿಂಗ್ ಹಾಕ್ತೀವಿ, ಸ್ಪ್ರೇಯರ್ ವಾಷರ್ ಬದಲಾಯಿಸ್ತೀವಿ, ಕಳೆ ಕತ್ತರಿಸೋ ಯಂತ್ರದ ಕಾರ್ಬೊರೇಟರ್ ತೊಳೀತೀವಿ. ಆದ್ರೆ ‘ಎಲೆಕ್ಟ್ರಾನಿಕ್ಸ್’ ಅಂದ ತಕ್ಷಣ ಕೈ ಹಿಂದಕ್ಕೆ ಎಳ್ಕೊಳ್ತೀವಿ, ಮಡಿ ಬಟ್ಟೆ ಮುಟ್ಟಬಾರದು ಅನ್ನೋ ಹಾಗೆ. ಮಾರೋರು ಹೇಳಲ್ಲ, ನಾವು ಕೇಳಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ದಪ್ಪ ಪುಸ್ತಕ ಇರುತ್ತೆ, ಇಂಗ್ಲಿಷಿನಲ್ಲಿ. ಕಾರು ಲಾಕ್ ಆದಾಗ ಆ ಪುಸ್ತಕವೂ ಒಳಗೇ ಲಾಕ್ ಆಗಿರುತ್ತೆ!

ಹಾಗಾಗಿ ನಾನು ಆಮೇಲೆ ಕೂತು ತಿಳ್ಕೊಂಡಿದ್ದನ್ನ ಬರೀತೀನಿ.

ಈ ಕೀಯೊಳಗೆ ಮೂರು ಬೇರೆ ಬೇರೆ ಸಾಮಾನು ಇದಾವೆ. ಒಂದು ರೇಡಿಯೋ, ಬಾಗಿಲು ತೆಗೆಯೋಕೆ. ಇದಕ್ಕೆ ಮಾತ್ರ ಸೆಲ್ ಬೇಕು. ಎರಡನೇದು ಒಂದು ಸಣ್ಣ ಚಿಪ್. ‘ಇದು ನನ್ನದೇ ಕೀ’ ಅಂತ ಇಂಜಿನ್ನಿಗೆ ಗುರುತು ಹೇಳೋದು ಅದು. ಅದಕ್ಕೆ ಸೆಲ್ ಬೇಡ, ಕಾರೇ ಹತ್ತಿರದಿಂದ ಅದಕ್ಕೆ ಶಕ್ತಿ ಕೊಡುತ್ತೆ. ಅದಕ್ಕೇ ಸತ್ತ ಕೀಯನ್ನ ಗುಂಡಿಗೆ ತಾಗಿಸಿ ಹಿಡಿದ್ರೆ ಕಾರು ಸ್ಟಾರ್ಟ್ ಆಗೋದು. ಕೆಲವು ಕಾರಲ್ಲಿ ತಾಗಿಸೋ ಜಾಗ ಗುಂಡಿ ಅಲ್ಲ, ಲೋಟ ಇಡೋ ಗುಂಡಿಯಲ್ಲೋ, ಬೇರೆ ಒಂದು ಸಂದಿಯಲ್ಲೋ ಇರುತ್ತೆ. ನಿಮ್ಮ ಕಾರಿಂದು ಎಲ್ಲಿ ಅಂತ ಪುಸ್ತಕದಲ್ಲಿ ಚಿತ್ರ ಇರುತ್ತೆ, ಇಂಗ್ಲಿಷ್ ಬರದಿದ್ರೂ ಗೊತ್ತಾಗುತ್ತೆ. ಮೂರನೇದು ಕಬ್ಬಿಣದ ಕೀ. ತಿರುಗಿಸಿ ಸ್ಟಾರ್ಟ್ ಮಾಡೋ ಕಾರಿನಲ್ಲಿ ಇದು ಹೊರಗೇ ಕಾಣುತ್ತೆ, ಗುಂಡಿ ಒತ್ತೋ ಕಾರಿನಲ್ಲಿ ಒಳಗೆ ಅಡಗಿರುತ್ತೆ. ಕಬ್ಬಿಣದ ಕೀಯಿಂದ ತೆಗೆದ್ರೆ ಕೆಲವು ಕಾರು ಕಳ್ಳ ಬಂದ ಅಂತ ಕೂಗಿಕೊಳ್ಳುತ್ತೆ. ಹೆದರಬೇಡಿ, ಸ್ಟಾರ್ಟ್ ಮಾಡಿದ್ರೆ ಹೆಚ್ಚಿನವು ಸುಮ್ಮನಾಗ್ತವೆ.

ಇನ್ನು ಕೀ ಏಕಾಏಕಿ ಸಾಯೋದು ಕಡಿಮೆ. ನಂದು ಮೂರು ತಿಂಗಳಿಂದ ಹೇಳ್ತಾನೇ ಇತ್ತು. ಮೊದಲು ಜಗಲಿ ಮೇಲಿಂದ ಒತ್ತಿದ್ರೆ ಕಾರು ಕೇಳ್ತಿತ್ತು. ಆಮೇಲೆ ಅಂಗಳಕ್ಕೆ ಇಳೀಬೇಕಾಯ್ತು. ಆಮೇಲೆ ಎರಡೆರಡು ಸಲ ಒತ್ತಬೇಕಾಯ್ತು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರ ಒಂದು ಹಳದಿಯಾಗಿ ಆಗಾಗ ಬರ್ತಿತ್ತು, ನಾನು ಸರ್ವೀಸ್ ಹತ್ರ ಬಂತು ಅನ್ಕೊಂಡಿದ್ದೆ. ಎತ್ತು ಮೇವು ಬಿಟ್ರೆ ಒಂದೇ ದಿನಕ್ಕೆ ಗೊತ್ತಾಗುತ್ತೆ ನಮಗೆ. ಇದು ಮೂರು ತಿಂಗಳು ಹೇಳಿದ್ರೂ ಕಿವಿಗೆ ಬೀಳಲಿಲ್ಲ.

ಕೀ ಕೆಲಸ ಮಾಡದಿದ್ರೆ ಯಾವುದು ಕೆಟ್ಟಿದೆ ಅಂತ ಹುಡುಕೋ ಕ್ರಮ ಇದು. ಎರಡನೇ ಕೀ ಇದ್ರೆ ಮೊದಲು ಅದನ್ನ ಒತ್ತಿ. ಅದು ಕೆಲಸ ಮಾಡಿದ್ರೆ ಮೊದಲ ಕೀಯದೇ ತೊಂದರೆ. ಎರಡೂ ಕೆಲಸ ಮಾಡದಿದ್ರೆ ಕಾರಿನ ಕಡೆ ನೋಡಿ, ಹೆಚ್ಚಾಗಿ ಕಾರಿನ ದೊಡ್ಡ ಬ್ಯಾಟರಿ ಇಳಿದಿರುತ್ತೆ. ಮಳೆಗಾಲದಲ್ಲಿ ನಮ್ಮ ಕಾರುಗಳು ಹತ್ತು ಹದಿನೈದು ದಿನ ಶೆಡ್ಡಲ್ಲೇ ಇರ್ತವಲ್ಲ, ಆವಾಗ ಇದು ಸಾಮಾನ್ಯ. ಕಬ್ಬಿಣದ ಕೀಯಿಂದ ಬಾಗಿಲು ತೆಗೆದು ಒಳಗಿನ ದೀಪ ನೋಡಿ. ದೀಪ ಮಂಕಾಗಿದ್ರೆ ಅಥವಾ ಹತ್ತದೇ ಇದ್ರೆ ಕೀಯನ್ನ ಬೈಯಬೇಡಿ.

ಕೀಯದೇ ತೊಂದರೆ ಅಂತ ಆದ್ರೆ ಗುಂಡಿ ನೋಡಿ. ಎಲ್ಲಾ ಗುಂಡಿಯೂ ಸತ್ತಿದ್ರೆ ಸೆಲ್ ಅಥವಾ ನೀರು. ಒಂದು ಗುಂಡಿ ಮಾತ್ರ ಸತ್ತು ಇನ್ನೊಂದು ಕೆಲಸ ಮಾಡ್ತಿದ್ರೆ ಸೆಲ್ ಸರಿ ಇದೆ, ಆ ಗುಂಡಿ ಕೆಳಗಿನ ಸ್ವಿಚ್ ಸವೆದಿದೆ. ಇದು ಜೋಳದ ಕಾಳಿನಷ್ಟು ದೊಡ್ಡ ಸಾಮಾನು, ಕೈ ಕುಳಿತ ಮೊಬೈಲ್ ರಿಪೇರಿಯವರು ಬೆಸುಗೆ ಹಾಕಿ ಬದಲಾಯಿಸ್ತಾರೆ. ಮಕ್ಕಳು ಕೀಯನ್ನ ಆಟಿಕೆ ಮಾಡ್ಕೊಂಡು ಕಾರಿನಿಂದ ದೂರ ಕೂತು ನೂರಾರು ಸಲ ಒತ್ತಿದ್ರೂ ತೊಂದರೆ ಆಗಬಹುದು. ಪ್ರತಿ ಸಲ ಒತ್ತಿದಾಗ ಕೀ ಹೊಸ ಗುಟ್ಟಿನ ಸಂಖ್ಯೆ ಕಳಿಸುತ್ತೆ, ಕಾರು ಲೆಕ್ಕ ಇಟ್ಕೊಂಡಿರುತ್ತೆ. ಕೀ ತುಂಬ ಮುಂದೆ ಹೋಗಿಬಿಟ್ರೆ ಇಬ್ಬರ ಲೆಕ್ಕ ತಪ್ಪುತ್ತೆ. ಮತ್ತೆ ಹೊಂದಿಸೋ ವಿಧಾನ ಒಂದೊಂದು ಕಾರಿಗೆ ಒಂದೊಂದು ಥರ, ಅದಕ್ಕೂ ಪುಸ್ತಕವೇ ಗತಿ.

ಒಂದು ತಪ್ಪು ತಿಳುವಳಿಕೆ ಹೇಳ್ಬೇಕು. ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಒತ್ತಿದ್ರೆ ಬೆಳಕು ಕಾಣುತ್ತೆ, ಕಾಣದಿದ್ರೆ ಕೀ ಹಾಳು ಅಂತ ಪೇಟೆಯಲ್ಲಿ ಒಬ್ಬರು ನನಗೂ ಹೇಳಿದ್ರು. ಅದು ಟಿವಿ ರಿಮೋಟಿಗೆ. ಅದರಿಂದ ಬರೋದು ಕಣ್ಣಿಗೆ ಕಾಣದ ಬೆಳಕು, ಕ್ಯಾಮೆರಾಗೆ ಕಾಣುತ್ತೆ. ಕಾರಿನ ಕೀ ಕಳಿಸೋದು ರೇಡಿಯೋ ಅಲೆ. ಕ್ಯಾಮೆರಾಗೆ ಏನೂ ಕಾಣಲ್ಲ, ಕೀ ಹೊಸದಾಗಿದ್ರೂ.

ಸೆಲ್ ಬದಲಾಯಿಸೋದು ಕಷ್ಟ ಇಲ್ಲ. ನನ್ನ ಕೀಗೆ ಸಿಆರ್2032 ಅಂತ ನಮೂದಾದ ನಾಣ್ಯದಂಥ ಸೆಲ್. ಈ ಸಂಖ್ಯೆಗೆ ಅರ್ಥ ಇದೆ. 20 ಅಂದ್ರೆ ಅಗಲ 20 ಮಿಲಿಮೀಟರ್, 32 ಅಂದ್ರೆ ದಪ್ಪ 3.2 ಮಿಲಿಮೀಟರ್. 2025 ಅಂತ ಇದ್ರೆ ದಪ್ಪ 2.5. ನೋಡೋಕೆ ಒಂದೇ ಥರ, ಆದ್ರೆ ತೆಳ್ಳಗಿನದನ್ನ ಹಾಕಿದ್ರೆ ಒಳಗೆ ಅಲ್ಲಾಡಿ ಒಂದು ಸಲ ಕೆಲಸ ಮಾಡುತ್ತೆ, ಒಂದು ಸಲ ಇಲ್ಲ. ಹಳೇ ಸೆಲ್ ತಗೊಂಡೇ ಅಂಗಡಿಗೆ ಹೋಗಿ. ಸ್ಟಾರ್ಟರ್ ನೋಡೋಕೆ ಅಂತ ಮನೆಯಲ್ಲಿ ಮೀಟರ್ ಇಟ್ಟಿದೀವಲ್ಲ, ಅದನ್ನ ಡಿಸಿ 20 ವೋಲ್ಟಿಗೆ ಇಟ್ಟು ಅಳೆಯಿರಿ. ಹೊಸ ಸೆಲ್ 3 ವೋಲ್ಟಿಗಿಂತ ಸ್ವಲ್ಪ ಮೇಲೆ ತೋರಿಸುತ್ತೆ. 2.8ಕ್ಕಿಂತ ಕೆಳಗೆ ಬಂದಿದ್ರೆ ಬದಲಾಯಿಸಿ. ನಂದು 2.4 ಇತ್ತು. ತೆಗೆಯುವಾಗ ಪ್ಲಸ್ ಗುರುತು ಯಾವ ಕಡೆ ಇತ್ತು ಅಂತ ಒಂದು ಫೋಟೋ ತೆಗೆದಿಟ್ಕೊಳ್ಳಿ. ಹೊಸದನ್ನ ಒಣ ಬಟ್ಟೆಯಲ್ಲಿ ಅಂಚು ಹಿಡಿದು ಹಾಕಿ, ಔಷಧಿ ಕೈ, ಬೆವರು ಕೈ ಬೇಡ.

ನೀರು ಹೋಗಿದ್ರೆ ಮೊದಲು ಸೆಲ್ ತೆಗೆಯಿರಿ, ಒತ್ತಿ ಒತ್ತಿ ನೋಡಬೇಡಿ. ನನ್ನ ಕೀಯೊಳಗೆ ತಗಡಿನ ಮೇಲೆ ಹಸಿರು ಪಾಚಿ ಥರ ಕಟ್ಟಿತ್ತು. ಮೈಲುತುತ್ತದ ನೀರು ಕಬ್ಬಿಣದ ಬಕೆಟ್ಟಿಗೆ ಏನು ಮಾಡುತ್ತೆ ಅಂತ ನಮಗೆ ಗೊತ್ತು. ಅದಕ್ಕೇ ಬೋರ್ಡೋವನ್ನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡೋದು. ಅದೇ ನೀರು ಜೇಬಿನಲ್ಲಿರೋ ಕೀಗೆ ಏನು ಮಾಡಬಹುದು ಅಂತ ಯೋಚನೆ ಬರಲಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೋಹಾಲನ್ನ ಹಳೇ ಹಲ್ಲುಜ್ಜೋ ಬ್ರಷ್ಷಿಗೆ ಹಾಕಿ ಮೆಲ್ಲಗೆ ತಿಕ್ಕಿ ಎರಡು ದಿನ ಫ್ಯಾನಿನ ಗಾಳಿಯಲ್ಲಿ ಒಣಗಿಸಿದೆ. ಬಚ್ಚಲ ಒಲೆ ಮೇಲೆ ಇಟ್ಟು ಒಣಗಿಸೋಕೆ ಹೋಗಬೇಡಿ, ಪ್ಲಾಸ್ಟಿಕ್ ಸೊಟ್ಟ ಆಗುತ್ತೆ. ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ರೆ ಅಕ್ಕಿಯ ಹುಡಿ ಒಳಗೆ ಹೋಗುತ್ತೆ ಅಷ್ಟೆ. ಹೊಸ ಸೆಲ್ಲಿಗೆ 60 ರೂಪಾಯಿ ಕೊಟ್ಟೆ. ಈಗ ಜಗಲಿ ಮೇಲಿಂದ ಒತ್ತಿದ್ರೆ ಕಾರು ಕೇಳುತ್ತೆ.

ಹೊರಗಿನ ಪ್ಲಾಸ್ಟಿಕ್ ಒಡೆದಿದೆ ಅಂತ ಹೊಸ ಕವಚ ಹಾಕಿಸೋರಿಗೆ ಒಂದು ಮಾತು. ಕೆಲವು ಕೀಗಳಲ್ಲಿ ಆ ಗುರುತಿನ ಚಿಪ್ ಬೋರ್ಡಿನ ಮೇಲೆ ಇರಲ್ಲ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಚೂರೊಂದು ಹಳೇ ಕವಚಕ್ಕೇ ಅಂಟಿಕೊಂಡಿರುತ್ತೆ. ಅದನ್ನ ಗಮನಿಸದೆ ಹಳೇ ಕವಚ ಕಸಕ್ಕೆ ಎಸೆದ್ರೆ ಬಾಗಿಲು ತೆಗೆಯುತ್ತೆ, ಇಂಜಿನ್ ಸ್ಟಾರ್ಟ್ ಆಗಲ್ಲ.

ಈಗ ಸಿಟ್ಟಿನ ಮಾತು. ಸೆಲ್ ಹಾಕೋ ಮೊದಲು, ಅಮ್ಮ ಆಸ್ಪತ್ರೆಯಲ್ಲಿದ್ದಾಗಲೇ, ಒಂದು ಸರ್ವೀಸ್ ಸೆಂಟರಿಗೆ ಕೀ ತಗೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದವರು ಕೀ ತೆರೆಯಲೇ ಇಲ್ಲ. ‘ನೀರು ಹೋಗಿದೆ, ಪೂರ್ತಿ ಬದಲಾಯಿಸಬೇಕು’ ಅಂತ ಹೇಳಿ ಐದಂಕಿಯ ಮೊತ್ತ ಬರೆದು ಕೊಟ್ರು. ಸೆಲ್ ನೋಡಿದ್ರಾ ಅಂತ ಕೇಳಿದೆ. ‘ಅದೆಲ್ಲ ಆಗಲ್ಲ ಸರ್’ ಅಂದ್ರು. ಆ ಮೊತ್ತಕ್ಕೆ ನಮ್ಮ ತೋಟಕ್ಕೆ ಎರಡು ವರ್ಷದ ಮೈಲುತುತ್ತ ಬರುತ್ತೆ. ಅವರನ್ನೊಬ್ಬರನ್ನೇ ದೂರೋಕೆ ಹೊರಟಿಲ್ಲ. ಅಲ್ಲಿರೋ ಹುಡುಗರಿಗೆ ಬದಲಾಯಿಸೋಕೆ ಕಲಿಸಿದಾರೆ, ರಿಪೇರಿ ಮಾಡೋಕೆ ಕಲಿಸಿಲ್ಲ. ಸ್ಟಾರ್ಟರ್, ಡ್ರಿಪ್ ಟೈಮರ್, ಬ್ಯಾಟರಿ ಸ್ಪ್ರೇಯರ್ ತಗೊಂಡು ಹೋದ್ರೂ ಈಗ ಇದೇ ಉತ್ತರ.

ಇದು ನನ್ನೊಬ್ಬನ ಗೋಳಲ್ಲ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಮಾಡಿಸಿಕೊಳ್ಳೋ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡ ನಾಲ್ಕು ವಿಭಾಗದಲ್ಲಿ ಕೃಷಿ ಉಪಕರಣವೂ ಇದೆ, ವಾಹನವೂ ಇದೆ. ಅದೇ ವರ್ಷ ಡಿಸೆಂಬರ್ 24ಕ್ಕೆ, ರಾಷ್ಟ್ರೀಯ ಗ್ರಾಹಕರ ದಿನದಂದು, ಕಂಪನಿಗಳು ತಮ್ಮ ಕೈಪಿಡಿ, ರಿಪೇರಿ ಮಾಹಿತಿ ಹಂಚಿಕೊಳ್ಳೋಕೆ ಒಂದು ಜಾಲತಾಣವನ್ನೂ ಶುರು ಮಾಡಿದ್ರು. ಒಳ್ಳೇದೇ. ಆದ್ರೆ ಜಾಲತಾಣ ಇದ್ದ ಮಾತ್ರಕ್ಕೆ ಕೌಂಟರಿನ ಹುಡುಗ ಕೀ ತೆರೆಯಲ್ಲ, ನಾವು ನಿಂತು ಕೇಳಬೇಕು. ‘ಬದಲಾಯಿಸೋ ಮೊದಲು ಏನು ಕೆಟ್ಟಿದೆ ತೋರಿಸಿ’ ಅನ್ನೋದು ಜಗಳ ಅಲ್ಲ. ಮೋಸ ಅಂತ ಖಾತ್ರಿ ಆದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕೀಯೇ ಕಳೆದುಹೋದ್ರೆ ಮಾತ್ರ ಕಂಪನಿಯ ಹತ್ರ ಹೋಗಲೇಬೇಕು, ಕಾಗದಪತ್ರ ತೋರಿಸಲೇಬೇಕು. ಅದು ಸರಿಯೇ. ಪೇಟೆಯಲ್ಲಿ ಯಾರು ಬೇಕಾದ್ರೂ ನಕಲು ಮಾಡೋ ಹಾಗಿದ್ರೆ ಕಳ್ಳನೂ ಮಾಡಿಸ್ಕೊಂಡು ಬರ್ತಾನೆ. ಜೀಪಿನ ಯಜಮಾನರು ‘ನಮ್ಮ ಕಬ್ಬಿಣದ ಕೀಯೇ ಚೆಂದ ನೋಡು’ ಅಂತ ಇವತ್ತಿಗೂ ನಗ್ತಾರೆ. ಆ ರಾತ್ರಿಯ ಮಟ್ಟಿಗೆ ಅವರ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಹಿಂದಕ್ಕೆ ಹೋಗೋಕೆ ಆಗಲ್ಲ, ಮುಂದೆ ಬರೋ ಗಾಡಿಗಳೆಲ್ಲ ಇಂಥವೇ. ತಿಳ್ಕೊಂಡು ಇಟ್ಕೊಳ್ಳೋದೇ ದಾರಿ.

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರು ಎರಡೂ ಕೀ ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಆರ್‌ಸಿ ಎಷ್ಟು ಮುಖ್ಯವೋ ಎರಡನೇ ಕೀ ಅಷ್ಟೇ ಮುಖ್ಯ. ನನ್ನ ಹಾಗೆ ಒಂದೇ ಕೀ ಇದ್ರೆ, ಅದು ಇರುವಾಗಲೇ ಇನ್ನೊಂದು ಮಾಡಿಸಿ. ಎರಡೂ ಇಲ್ಲದಾಗ ಮಾಡಿಸೋದಕ್ಕೆ ಖರ್ಚೂ ಜಾಸ್ತಿ, ದಿನವೂ ಜಾಸ್ತಿ. ನಾನು ಈ ಸಲದ ಅಡಿಕೆ ದುಡ್ಡಲ್ಲಿ ಮಾಡಿಸ್ತಿದೀನಿ.

ಸಣ್ಣ ಮಕ್ಕಳಿರೋ ಮನೆಯವರು ಇದೊಂದನ್ನ ಮರೀಬೇಡಿ. ತೆಗೆದ ಸೆಲ್ಲನ್ನ ಕಿಟಕಿ ಮೇಲೆ, ಮೇಜಿನ ಮೇಲೆ ಬಿಡಬೇಡಿ. ಶಕ್ತಿ ಇಳಿದ ಸೆಲ್ ಕೂಡ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡು ಗಂಟೆಯೊಳಗೇ ಸುಟ್ಟು ಗಾಯ ಮಾಡಬಹುದು. ನುಂಗಿರಬಹುದು ಅನ್ನೋ ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ.

ಮಳೆಗಾಲದ ಮೊದಲು ನಾವು ಏನೆಲ್ಲ ಮಾಡ್ತೀವಿ. ಬಸಿಗಾಲುವೆ ತೋಡ್ತೀವಿ, ಮಾಡಿನ ಹಂಚು ನೋಡ್ತೀವಿ, ಸೌದೆ ಒಳಗೆ ಹಾಕ್ತೀವಿ. ಆ ಪಟ್ಟಿಗೆ ಇದನ್ನೂ ಸೇರಿಸಿ. ಹಗಲು ಹೊತ್ತು, ಬಿಸಿಲಿದ್ದಾಗ, ಕೀಯಿಂದ ಸೆಲ್ ತೆಗೆದು ಪಕ್ಕಕ್ಕಿಟ್ಟು, ಕಾರಿನ ಬಾಗಿಲು ತೆಗೆದು ಸ್ಟಾರ್ಟ್ ಮಾಡಿ ನೋಡಿ. ನೀವೊಬ್ಬರೇ ಅಲ್ಲ, ಮನೆಯಲ್ಲಿ ಗಾಡಿ ಓಡಿಸೋ ಎಲ್ಲರೂ ಒಂದೊಂದು ಸಲ ಮಾಡಲಿ. ಹದಿನೈದು ನಿಮಿಷದ ಕೆಲಸ. ಹೊಸ ಸೆಲ್ ಒಂದನ್ನ ಪ್ಯಾಕೆಟ್ ಸಮೇತ ಮನೆಯಲ್ಲಿಡಿ, ಕಾರೊಳಗೆ ಬೇಡ. ಹಾಕಿದ ತಾರೀಕನ್ನ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ತೋಟಕ್ಕೆ ಇಳಿಯೋ ಮೊದಲು ಕೀಯನ್ನ ಮನೆ ಮೊಳೆಗೆ ಹಾಕಿ ಹೋಗಿ.

ನಮ್ಮ ಮನೆಯಲ್ಲಿ ಕಳೆದ ಭಾನುವಾರ ಮಾಡಿದ್ವಿ. ಮಗ ಎರಡು ನಿಮಿಷದಲ್ಲಿ ಸ್ಟಾರ್ಟ್ ಮಾಡಿದ, ಹೆಂಡತಿಗೆ ಮುಚ್ಚಳ ಎಬ್ಬಿಸೋಕೆ ಸ್ವಲ್ಪ ಹೊತ್ತು ಹಿಡೀತು. ಅಮ್ಮ ಜಗಲಿ ಮೇಲೆ ಅದೇ ಕಂಬಕ್ಕೆ ಒರಗಿ ನೋಡ್ತಾ ಕೂತಿದ್ರು. ‘ಇಷ್ಟೇನಾ?’ ಅಂದ್ರು.

ಇಷ್ಟೇ. ನಾಳೆ ಬೆಳಿಗ್ಗೆ ಕಾಫಿ ಕುಡಿದ ಮೇಲೆ ನಿಮ್ಮ ಕೀಯನ್ನೂ ಒಂದು ಸಲ ತೆರೆದು ನೋಡಿ. ಮುಂದಿನ ವಾರ ಕೊಳೆ ಔಷಧಿ ಬಗ್ಗೆ ಖಂಡಿತ ಬರೀತೀನಿ.